ಶಾಕ್ ಮೊದಲು ಬಂತು ಸಾರ್

ಕಥೆಗೆ ವಿಮರ್ಶಕರಿದ್ದಾರೆ, ಸಿನಿಮಾಕ್ಕಿದ್ದಾರೆ, ಈಗೀಗ ಮಸಾಲೆ ದೋಸೆಗೂ ಇದ್ದಾರೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬರೆಯುವ ಪ್ರಾಜೆಕ್ಟ್ ರಿಪೋರ್ಟಿಗೆ ಮಾತ್ರ ಯಾರೂ ಇಲ್ಲ. ಅದಕ್ಕೆ ಮಾರ್ಕ್ಸ್ ಇದೆ, ಸಹಿ ಇದೆ, ಕಪ್ಪು ರಟ್ಟಿನ ಮೇಲೆ ಚಿನ್ನದ ಅಕ್ಷರ ಇದೆ, ಓದುಗರಿಲ್ಲ. ಆದ್ದರಿಂದ ಈ ಸಲ ಒಂದು ರಿಪೋರ್ಟನ್ನು ಕಾದಂಬರಿ ಓದುವ ಹಾಗೆ ಕೂತು ಓದಿದೆ. ಎಲ್ಲಾ ಅಧ್ಯಾಯ ಅಲ್ಲ. ಹನ್ನೊಂದು ಪುಟದ ಒಂದೇ ಅಧ್ಯಾಯ: ತಾವೇ ಕಟ್ಟಿದ ಕಾರಿಗೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಹೇಗೆ ಆರಿಸಿದೆವು ಅನ್ನೋದು.

ಕಾರು ಅಂದರೆ ನಾವು ನೀವು ಓಡಿಸುವಂಥದ್ದಲ್ಲ. ಬಾಹಾ ಅಂತ ಒಂದು ಸ್ಪರ್ಧೆ ಇದೆ. 1976ರಲ್ಲಿ ಅಮೆರಿಕದಲ್ಲಿ ಶುರುವಾಯಿತು, 2007ರಿಂದ ನಮ್ಮ ದೇಶದಲ್ಲೂ ನಡೀತಿದೆ, ಇಂದೋರ್ ಹತ್ತಿರದ ಪೀಥಾಂಪುರದಲ್ಲಿ. ವಿದ್ಯಾರ್ಥಿಗಳೇ ಪೈಪು ಬಗ್ಗಿಸಿ, ವೆಲ್ಡ್ ಮಾಡಿ, ಒಬ್ಬರೇ ಕೂರುವ ಪುಟ್ಟ ಬಗ್ಗಿ ಕಟ್ಟಬೇಕು. ಅದನ್ನು ಗುಡ್ಡ ಹತ್ತಿಸಬೇಕು, ಹಳ್ಳ ದಿಣ್ಣೆಯ ಮೇಲೆ ಓಡಿಸಬೇಕು, ಕೊನೆಗೆ ನಾಲ್ಕು ಗಂಟೆ ಮುರಿಯದ ಹಾಗೆ ಸುತ್ತಿಸಬೇಕು. ಎಂಜಿನ್ನು ಚಿಕ್ಕದು, ಹೆಚ್ಚು ಕಡಿಮೆ 10 ಎಚ್‌ಪಿ. ಎಂಜಿನ್ನಿನಲ್ಲಿ ಎಲ್ಲರೂ ಸಮ ಆದಮೇಲೆ ಗೆಲ್ಲೋದು ಸೋಲೋದು ಎಲ್ಲಿ? ತೂಕದಲ್ಲಿ, ಗೇರಿನಲ್ಲಿ ಮತ್ತು ಸಸ್ಪೆನ್ಷನ್ನಿನಲ್ಲಿ. ಕರ್ನಾಟಕದ ಎಷ್ಟೋ ಕಾಲೇಜುಗಳ ಹುಡುಗರು ಇದಕ್ಕಾಗಿ ರಾತ್ರಿ ಹಗಲು ವರ್ಕ್‌ಶಾಪಿನಲ್ಲಿ ಬಿದ್ದಿರುತ್ತಾರೆ. ಅಂಥ ಒಂದು ಕಾಲೇಜಿನವರು ಹೊರಡೋ ಮೊದಲು ಒಂದ್ಸಲ ನೋಡಿ ಅಂತ ನನ್ನನ್ನು ಕರೆಯುತ್ತಾರೆ. ಸ್ಪ್ರಿಂಗಿನ ಕೆಲಸದಲ್ಲಿ ಕೂದಲು ಉದುರಿಸಿಕೊಂಡವನು ಅನ್ನೋದು ನನ್ನ ಅರ್ಹತೆ.

ಅಧ್ಯಾಯದ ಮೊದಲ ಮೂರು ಪುಟ ಪೀಠಿಕೆ. ಸಸ್ಪೆನ್ಷನ್ ಎಂದರೇನು, ಅದರ ವಿಧಗಳೆಷ್ಟು, ಕುದುರೆಗಾಡಿಯ ಕಾಲದಲ್ಲಿ ಏನಿತ್ತು. ಈ ಮೂರು ಪುಟ ಯಾವ ಕಾಲೇಜಿನ ರಿಪೋರ್ಟಿಗಾದರೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಬೇಕಿಲ್ಲ. ನಾಲ್ಕನೇ ಪುಟದಲ್ಲಿ ಲೆಕ್ಕ. ಐದರಿಂದ ಎಂಟರವರೆಗೆ ಕಂಪ್ಯೂಟರಿನ ಬಣ್ಣದ ಚಿತ್ರಗಳು: ಸ್ಪ್ರಿಂಗಿಗೆ ಕೆಂಪು, ಹಳದಿ, ನೀಲಿ. ಅದರ ಕೆಳಗೆ "ಆದ್ದರಿಂದ ವಿನ್ಯಾಸ ಸುರಕ್ಷಿತ" ಅಂತ ಒಂದು ಸಾಲು. ಉಳಿದ ಪುಟಗಳಲ್ಲಿ ಫೋಟೋ.

ಮೊದಲು ಈ ಬಣ್ಣದ ಚಿತ್ರಗಳ ವಿಷಯ ಮುಗಿಸಿಬಿಡ್ತೀನಿ. ಅವು ಸುಳ್ಳಲ್ಲ. ಇಷ್ಟು ಭಾರ ಹಾಕಿದರೆ ಈ ಸ್ಪ್ರಿಂಗ್ ಮುರಿಯಲ್ಲ ಅಂತ ಅವು ಹೇಳುತ್ತವೆ. ಆದರೆ ಯಾರಾದರೂ ಮುರಿಯುತ್ತೆ ಅಂದಿದ್ದರೇ? ಅದು ಬೈಕಿನ ಹಿಂದಿನ ಶಾಕಿನಿಂದ ತೆಗೆದ ಸ್ಪ್ರಿಂಗು. ಡಬಲ್ಸ್ ಹೊತ್ತು ನಮ್ಮ ಊರಿನ ಹಂಪುಗಳನ್ನು ಹಾರಿ ಬಂದದ್ದು. ಅದು ಮುರಿಯತ್ತಾ ಅನ್ನೋದು ಯಾರೂ ಕೇಳದ ಪ್ರಶ್ನೆ. ಈ ಕಾರಿಗೆ ಇದು ಗಡುಸಾಯಿತಾ, ಮೆತ್ತಗಾಯಿತಾ ಅನ್ನೋದು ಕೇಳಬೇಕಾದ ಪ್ರಶ್ನೆ. ಅದಕ್ಕೆ ನಾಲ್ಕು ಪುಟದ ಬಣ್ಣದಲ್ಲಿ ಉತ್ತರ ಇಲ್ಲ. ಕೇಳದ ಪ್ರಶ್ನೆಗೆ ಚಂದದ ಉತ್ತರ ಕೊಟ್ಟು, ಕೇಳಬೇಕಾದ್ದನ್ನು ಒಂದು ಪುಟದಲ್ಲಿ ಮುಗಿಸೋದು. ಈ ಪ್ರಕಾರದ ಬರವಣಿಗೆಯ ದೊಡ್ಡ ದೋಷವೇ ಇದು.

ಇನ್ನು ಆ ನಾಲ್ಕನೇ ಪುಟ. ಇಲ್ಲಿ ಸ್ವಲ್ಪ ನಿಧಾನ ಹೋಗೋಣ, ಯಾಕಂದರೆ ಕಥೆಯೆಲ್ಲಾ ಇಲ್ಲೇ ಇದೆ.

ರಿಪೋರ್ಟ್ ಹೇಳೋದು ಹೀಗೆ. ಡ್ರೈವರ್ ಕೂತ ಮೇಲೆ ಕಾರಿನ ತೂಕ 250 ಕೆ.ಜಿ. ಅದರಲ್ಲಿ ಚಕ್ರ, ಹಬ್ಬು, ಬ್ರೇಕು ಇವೆಲ್ಲ ಸ್ಪ್ರಿಂಗಿನ ಕೆಳಗಿರುವ ತೂಕ, ಅದನ್ನು ಕಳೆದರೆ ಸ್ಪ್ರಿಂಗು ಹೊರಬೇಕಾದ್ದು 200 ಕೆ.ಜಿ. ಎಂಜಿನ್ ಹಿಂದೆ ಇರೋದರಿಂದ ಹಿಂದಕ್ಕೆ 120, ಮುಂದಕ್ಕೆ 80. ಸ್ಪ್ರಿಂಗಿನ ಗಡುಸು ಮಿ.ಮೀ.ಗೆ 20 ನ್ಯೂಟನ್, ಅಂದರೆ ಒಂದು ಮಿಲಿಮೀಟರ್ ಅದುಮಬೇಕಾದರೆ ಹೆಚ್ಚು ಕಡಿಮೆ 2 ಕೆ.ಜಿ. ಭಾರ ಬೇಕು. ಶಾಕ್ ಕೂತಿರುವುದು ಚಕ್ರದ ಮೇಲಲ್ಲ, ಅದನ್ನು ಹಿಡಿದಿರುವ ತೋಳಿನ ಮಧ್ಯದಲ್ಲಿ. ಚಕ್ರ 10 ಮಿ.ಮೀ. ಎದ್ದರೆ ಶಾಕ್ 6 ಮಿ.ಮೀ. ಮಾತ್ರ ಒತ್ತಿಕೊಳ್ಳುತ್ತೆ. ಇದಕ್ಕೆ ಮೋಷನ್ ರೇಶಿಯೋ ಅಂತಾರೆ, ಇಲ್ಲಿ 0.6. ಆದ್ದರಿಂದ ಚಕ್ರದ ಹತ್ತಿರ ನಮಗೆ ಸಿಗುವ ಗಡುಸು 20 ಅಲ್ಲ, 20ನ್ನು 0.6ರ ವರ್ಗದಿಂದ ಗುಣಿಸಬೇಕು, 7.2 ಆಗುತ್ತೆ.

ಇಲ್ಲಿಯವರೆಗೆ ಹುಡುಗರಿಗೆ ಶಹಭಾಸ್ ಅನ್ನಬೇಕು. ಈ ವರ್ಗ ಮಾಡೋದನ್ನು ಮರೆತು ಬರೀ 0.6ರಿಂದ ಗುಣಿಸಿದ ರಿಪೋರ್ಟುಗಳನ್ನು ಬೇಕಾದಷ್ಟು ನೋಡಿದ್ದೀನಿ. ವರ್ಗ ಯಾಕೆ? ಶಾಕ್ ಕಡಿಮೆ ದೂರ ಸರಿಯುತ್ತೆ, ಅದು ಒಂದು ಸಲ 0.6. ಅದು ಹುಟ್ಟಿಸುವ ಬಲವೂ ತೋಳಿನ ಸನ್ನೆಯಿಂದಾಗಿ ಚಕ್ರಕ್ಕೆ ಕಡಿಮೆಯಾಗಿ ತಲುಪುತ್ತೆ, ಅದು ಇನ್ನೊಂದು ಸಲ 0.6. ಎರಡು ಸಲ ಕಳೆದುಕೊಳ್ಳೋದರಿಂದ ಎರಡು ಸಲ ಗುಣಿಸಬೇಕು, ಅಷ್ಟೆ.

ಆಮೇಲೆ ಬರೋದು ನಿರ್ಣಾಯಕ ಸಾಲು. "ಮುಂದಿನ ಸಸ್ಪೆನ್ಷನ್ನಿನ ಸಹಜ ಆವರ್ತನ 1.5 ಹರ್ಟ್ಸ್. ಇದು ಆಫ್‌ರೋಡ್ ವಾಹನಕ್ಕೆ ಸೂಕ್ತ." ಅಂದರೆ ಕಾರಿನ ಮೂತಿಯನ್ನು ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಒಂದೂವರೆ ಸಲದ ಲಯದಲ್ಲಿ ಮೇಲೆ ಕೆಳಗೆ ಆಡುತ್ತೆ ಅಂತ. ಸಾಮಾನ್ಯ ಕಾರುಗಳಲ್ಲಿ ಈ ಲಯ 1ರಿಂದ 1.5ರ ಆಸುಪಾಸು, ಗಡುಸಾದ ಸ್ಪೋರ್ಟ್ಸ್ ಕಾರುಗಳಲ್ಲಿ 2ರ ಹತ್ತಿರ. ಗುಂಡಿ ದಿಣ್ಣೆಯ ಕಾರಿಗೆ ಒಂದೂವರೆ ಆರಿಸಿದ್ದು ತಪ್ಪಲ್ಲ. ಆದರೆ ಈ ಕಾರು ನಿಜವಾಗಿ ಒಂದೂವರೆಯಲ್ಲಿ ಆಡುತ್ತಿದೆಯಾ?

ಕಂಡುಹಿಡಿಯೋಕೆ ಕಂಪ್ಯೂಟರ್ ಬೇಡ, ಜಾಕು ಮತ್ತು ಟೇಪು ಸಾಕು. ಒಂದು ಗ್ಯಾರೇಜಿನ ಸೂತ್ರ ಇದೆ: 250ನ್ನು ಆವರ್ತನದ ವರ್ಗದಿಂದ ಭಾಗಿಸಿ, ಬಂದ ಸಂಖ್ಯೆಯಷ್ಟು ಮಿಲಿಮೀಟರ್ ಸ್ಪ್ರಿಂಗು ತನ್ನ ಹೊರೆಗೆ ಕುಸಿದಿರಬೇಕು, ಚಕ್ರದ ಹತ್ತಿರ ಅಳೆದರೆ. 1 ಹರ್ಟ್ಸ್ ಆದರೆ 250 ಮಿ.ಮೀ., ಒಂದೂವರೆಗೆ 111, ಎರಡಕ್ಕೆ ಸುಮಾರು 62, ಎರಡೂವರೆಗೆ 40. ಕಾರು ಯಾವ ಕಂಪನಿಯದಾದರೂ, ಭಾರ ಎಷ್ಟಾದರೂ ಇದೇ ಲೆಕ್ಕ. ತೂಕ ಗೊತ್ತಿಲ್ಲದೆಯೂ ಹೇಳಬಹುದು, ಅದೇ ಅದರ ಚೆಲುವು.

ಮುಂದಿನ ಚಕ್ರ ನೆಲ ಬಿಡುವ ತನಕ ಕಾರನ್ನು ಜಾಕಿನಲ್ಲಿ ಎತ್ತಿದೆವು. ಆಮೇಲೆ ಡ್ರೈವರನ್ನು ಕೂರಿಸಿ ಇಳಿಸಿದೆವು. ಕುಸಿದದ್ದು 38 ಮಿ.ಮೀ. ಶಾಕಿನಲ್ಲಿ ಸ್ಪ್ರಿಂಗನ್ನು ಮೊದಲೇ 10 ಮಿ.ಮೀ. ಒತ್ತಿ ಕೂರಿಸಿದ್ದರು, ಅದು ಚಕ್ರದ ಲೆಕ್ಕದಲ್ಲಿ ಸುಮಾರು 17. ಎರಡೂ ಸೇರಿದರೆ 55. ಒಂದೂವರೆ ಹರ್ಟ್ಸಿಗೆ 111 ಇರಬೇಕಿತ್ತು. 55 ಅಂದರೆ 2.1 ಹರ್ಟ್ಸ್. ರಿಪೋರ್ಟಿನ ಪ್ರಕಾರ ಜವಾರಿ ಎತ್ತಿನಗಾಡಿ ಓಡುವ ನೆಲಕ್ಕೆ ಕಟ್ಟಿದ ಕಾರು, ಟೇಪಿನ ಪ್ರಕಾರ ರೇಸ್ ಟ್ರ್ಯಾಕಿನದು.

ತಪ್ಪೆಲ್ಲಿ? ಮುಂಭಾಗದ 80 ಕೆ.ಜಿ. ಎರಡು ಚಕ್ರಕ್ಕೆ ಸೇರಿದ್ದು. ಒಂದು ಚಕ್ರಕ್ಕೆ 40. ಲೆಕ್ಕದಲ್ಲಿ ಒಂದೇ ಸ್ಪ್ರಿಂಗಿನ ಎದುರು 80 ಹಾಕಿದ್ದಾರೆ. ಹಾಗೆ ಹಾಕಿದರೆ ಸರಿಯಾಗಿ 1.5 ಬರುತ್ತೆ. 40 ಹಾಕಿದರೆ 2.1 ಬರುತ್ತೆ, ಟೇಪು ಹೇಳಿದ್ದೂ ಅದನ್ನೇ.

ನಾನು ತಂಡದ ಕ್ಯಾಪ್ಟನ್ನನ್ನು ಕೇಳಿದೆ. "ಇದು ಕೈತಪ್ಪಾ, ಇಲ್ಲ ಒಂದೂವರೆ ಬರೋ ತನಕ ಹುಡುಕಿದ್ರಾ?"

ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಹೇಳಿದ, "ಶಾಕ್ ಮೊದಲು ಬಂತು ಸಾರ್. ಲೆಕ್ಕ ಆಮೇಲೆ."

ಒಂದೇ ತರಹದ ನಾಲ್ಕು ಬೈಕ್ ಶಾಕುಗಳು ಒಳ್ಳೇ ಬೆಲೆಗೆ ಸಿಕ್ಕಿದ್ದವು. ತಂದು ಕೂರಿಸಿದರು. ಆಮೇಲೆ ಅವು ಯಾಕೆ ಸರಿ ಅಂತ ಬರೆದರು. "ಮಾರುಕಟ್ಟೆಯ ಲಭ್ಯತೆ ಮತ್ತು ಲೆಕ್ಕಾಚಾರದ ಆಧಾರದ ಮೇಲೆ ಆಯ್ಕೆ ಮಾಡಲಾಯಿತು" ಅಂತ ಅಧ್ಯಾಯದ ಕೊನೆಯಲ್ಲೊಂದು ವಾಕ್ಯ ಇದೆ. ಅದರ ಮೊದಲರ್ಧ ಮಾತ್ರ ನಿಜ. ನನಗೆ ಮೊದಲರ್ಧದ ಬಗ್ಗೆ ತಕರಾರೇ ಇಲ್ಲ. ದುಡ್ಡಿದ್ದ ತಂಡಗಳು ಅಮೆರಿಕದ ಫಾಕ್ಸ್ ಕಂಪನಿಯ ಗಾಳಿ ಶಾಕು ತರಿಸ್ತಾರೆ. ಅದರಲ್ಲಿ ಕಬ್ಬಿಣದ ಸ್ಪ್ರಿಂಗೇ ಇಲ್ಲ, ಒಳಗಿನ ಗಾಳಿಯೇ ಸ್ಪ್ರಿಂಗು, ಪಂಪು ಹಿಡಿದು ಗಡುಸು ಬದಲಿಸಬಹುದು. ಇಲ್ಲದವರು ಬೈಕಿನದು ಹಾಕ್ತಾರೆ. ಸಿಕ್ಕಿದ್ದರಲ್ಲಿ ಕಟ್ಟೋದು ಅವಮಾನ ಅಲ್ಲ. ಸಿಕ್ಕಿದ್ದನ್ನು ಆರಿಸಿದ್ದು ಅಂತ ಬರೆಯೋದು ಅವಮಾನ.

ಇದರಿಂದ ಏನಾಯ್ತು ಅಂತೀರಾ? ಅದನ್ನು ಹೇಳಿದ್ದು ಡ್ರೈವರ್. ಮೂರನೇ ವರ್ಷದ ಹುಡುಗಿ, ತಂಡದಲ್ಲೇ ಹಗುರ ಅಂತ ಅವಳನ್ನು ಕೂರಿಸಿದ್ದರು. ರಿಪೋರ್ಟಿನಲ್ಲಿ ಅವಳು 60 ಕೆ.ಜಿ. ಭಾರವಾಗಿ ಬರುತ್ತಾಳೆ, ಮನುಷ್ಯಳಾಗಿ ಎಲ್ಲೂ ಬರಲ್ಲ. "ಮುಂದಿನ ಚಕ್ರ ನೆಲ ಕಚ್ಚಲ್ಲ ಸಾರ್," ಅಂದಳು. "ಗುಂಡಿ ಇರೋ ತಿರುವಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೂ ನೇರ ಹೋಗತ್ತೆ. ಮತ್ತೆ ಒಂದು ಹಂಪ್ ದಾಟಿದ್ರೆ ಆಟದ ಕುದುರೆ ಥರ ಹಿಂದೆ ಮುಂದೆ ತೂಗತ್ತೆ. ನಿಲ್ಲೋದೇ ಇಲ್ಲ." ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, "ಹೇಳಿದೆ ಸಾರ್. ಲೆಕ್ಕ ಸರಿಯಾಗಿದೆ, ನಿನಗೆ ಪ್ರಾಕ್ಟೀಸ್ ಆಗ್ಬೇಕು ಅಂದ್ರು."

ಅವಳು ಹೇಳಿದ ಎರಡು ಮಾತಿಗೂ ನಾಲ್ಕನೇ ಪುಟದಲ್ಲೇ ಕಾರಣ ಇದೆ. ಮುಂದೆ ಹಿಂದೆ ಒಂದೇ ಶಾಕು. ಹಿಂದೆ ಒಂದು ಚಕ್ರಕ್ಕೆ 60 ಕೆ.ಜಿ., ಅದೇ 7.2ರ ಗಡುಸು, ಲೆಕ್ಕ ಹಾಕಿದರೆ 1.74 ಹರ್ಟ್ಸ್. ಹಿಂಭಾಗ ಅದೃಷ್ಟವಶಾತ್ ಚೆನ್ನಾಗೇ ಇದೆ. ಮುಂಭಾಗ ಅದಕ್ಕಿಂತ ಗಡುಸು. ಗಡುಸಾದ ಮೂತಿಯ ಕೆಳಗೆ ಚಕ್ರ ಗುಂಡಿಯೊಳಗೆ ಇಳಿಯುವ ಬದಲು ಮೇಲಿಂದ ಹಾರಿಕೊಂಡು ಹೋಗುತ್ತೆ. ನೆಲ ಮುಟ್ಟದ ಚಕ್ರವನ್ನು ಎಷ್ಟು ತಿರುಗಿಸಿದರೇನು?

ತೂಗಾಟದ ಗುಟ್ಟನ್ನು ಮಾರಿಸ್ ಒಲಿ ಅನ್ನುವ ಇಂಜಿನಿಯರ್ 1930ರ ದಶಕದ ಶುರುವಿನಲ್ಲೇ ಬಿಡಿಸಿದ್ದ. ರೋಲ್ಸ್ ರಾಯ್ಸ್‌ನಲ್ಲಿದ್ದವನು ಅಮೆರಿಕದ ಕ್ಯಾಡಿಲಾಕ್‌ಗೆ ಬಂದು, ಒಂದು ದೊಡ್ಡ ಕಾರಿಗೆ ಅಲ್ಲಿ ಇಲ್ಲಿ ಸರಿಸಬಹುದಾದ ಭಾರಗಳನ್ನು ಕಟ್ಟಿ ಓಡಿಸಿ ನೋಡಿದ. ಅವನ ಮುಖ್ಯ ಉಪಕರಣ ಅಂದರೆ ಕಾರಿನಲ್ಲಿ ಕೂತವರ ಅನುಭವ. ಅವನಿಗೆ ಕಂಡದ್ದು ಇಷ್ಟು: ಹಂಪನ್ನು ಮೊದಲು ಮುಂದಿನ ಚಕ್ರ ದಾಟುತ್ತೆ, ಸ್ವಲ್ಪ ತಡವಾಗಿ ಹಿಂದಿನದು. ಒಂದೂವರೆ ಮೀಟರ್ ಉದ್ದದ ಬಗ್ಗಿ 30 ಕಿ.ಮೀ. ವೇಗದಲ್ಲಿದ್ದರೆ ಆ ತಡ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಿಂಭಾಗದ ಲಯ ಸ್ವಲ್ಪ ಚುರುಕಾಗಿದ್ದರೆ ತಡವಾಗಿ ಹೊರಟರೂ ಮುಂಭಾಗದ ಜೊತೆ ಸೇರಿಕೊಂಡು ಇಡೀ ಕಾರು ಒಟ್ಟಿಗೆ ಏಳುತ್ತೆ, ಒಟ್ಟಿಗೆ ಇಳಿಯುತ್ತೆ. ಮುಂಭಾಗವೇ ಚುರುಕಾದರೆ ಎರಡೂ ಒಂದಕ್ಕೊಂದು ವಿರುದ್ಧ ಆಡಿ ಕಾರು ತೂಗುಮಂಚ ಆಗುತ್ತೆ. ಇದು ವೇದವಾಕ್ಯ ಅಲ್ಲ. ವೇಗ ಬದಲಾದರೆ ಲೆಕ್ಕ ಬದಲಾಗುತ್ತೆ, ಒಳ್ಳೇ ಶಾಕು ಹಾಕಿದರೆ ಅರ್ಧ ತೂಗಾಟ ಅಲ್ಲೇ ಸಾಯುತ್ತೆ. ಆದರೂ ಶುರು ಮಾಡೋಕೆ ಒಳ್ಳೇ ಜಾಗ. ಒಲಿ ಕೂತವರ ಮಾತು ಕೇಳಿದ. ನಮ್ಮ ಹುಡುಗರು ಕೂತವಳಿಗೆ ಪ್ರಾಕ್ಟೀಸ್ ಮಾಡು ಅಂದರು.

ಇದು ಬರೀ ಕಾಲೇಜಿನ ಕಾಯಿಲೆ ಅಲ್ಲ. ಗಡುಸು ಅಂದರೆ ಸ್ಪೋರ್ಟ್ಸು, ಮೆತ್ತಗೆ ಅಂದರೆ ಮುದುಕರ ಕಾರು ಅನ್ನುವ ರುಚಿ ನಮ್ಮಲ್ಲಿ ಬೇರೂರಿದೆ. ಕಾರಿನ ಬಗ್ಗೆ ಬರೆಯೋರು, ವಿಡಿಯೋ ಮಾಡೋರು ಇದಕ್ಕೆ ನೀರು ಗೊಬ್ಬರ ಹಾಕಿದ್ದಾರೆ. ಲೋಟಸ್ ಕಾರುಗಳ ಕಾಲಿನ್ ಚಾಪ್‌ಮನ್ನನಿಗಿಂತ ಸ್ಪೋರ್ಟ್ಸ್ ಕಾರು ಬಲ್ಲವರು ಯಾರು? ಆತ 1962ರ ಎಲಾನ್ ಕಾರಿಗೆ ಕೊಟ್ಟದ್ದು ಮೆತ್ತನೆ ಸ್ಪ್ರಿಂಗು, ಉದ್ದನೆ ಓಡಾಟ, ಅದನ್ನು ಹತೋಟಿಯಲ್ಲಿಡುವ ಸರಿಯಾದ ಶಾಕು. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಇನ್ನೊಂದು ತುದಿ. ಉತ್ತ ಹೊಲದಲ್ಲಿ ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಹೋದರೆ ಒಂದೂ ಒಡೆಯಬಾರದು ಅನ್ನೋದು ಅದರ ಇಂಜಿನಿಯರುಗಳಿಗೆ ಕೊಟ್ಟ ಷರತ್ತು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಜನರ ಮುಂದಿಟ್ಟಾಗ ನಕ್ಕವರಿದ್ದರು. ಅದು ನಾಲ್ಕು ದಶಕ ಓಡಿತು. ರಸ್ತೆ ಕೆಟ್ಟಷ್ಟೂ ಸ್ಪ್ರಿಂಗು ಮೆತ್ತಗಾಗಬೇಕು, ಚಕ್ರದ ಓಡಾಟ ಹೆಚ್ಚಬೇಕು. ನಮ್ಮ ರಸ್ತೆ ನೋಡಿದರೆ ಈ ದೇಶದಲ್ಲಿ ಗಡುಸು ಸ್ಪ್ರಿಂಗಿನ ಅಭಿಮಾನಿಗಳೇ ಇರಬಾರದಿತ್ತು.

ಬೆಂಗಳೂರಿನಲ್ಲಿ ಕಾರು ತಗ್ಗಿಸಲು ಸ್ಪ್ರಿಂಗ್ ಕಟ್ ಮಾಡಿಸುವ ಹುಡುಗರಿದ್ದಾರಲ್ಲ, ಅವರಿಗೂ ಇಲ್ಲೇ ಒಂದು ಮಾತು. ಹನ್ನೊಂದು ಸುತ್ತಿನ ಸ್ಪ್ರಿಂಗಿನಲ್ಲಿ ಎರಡು ಸುತ್ತು ಕತ್ತರಿಸಿದರೆ ಕಾರು ತಗ್ಗೋದು ಮಾತ್ರ ಅಲ್ಲ, ಉಳಿದ ಒಂಬತ್ತು ಸುತ್ತು ಮೊದಲಿಗಿಂತ ನೂರಕ್ಕೆ 22ರಷ್ಟು ಗಡುಸಾಗುತ್ತೆ. ಅದೂ ಓಡಾಟ ಕಡಿಮೆಯಾದ ಮೇಲೆ. ಗುಂಡಿಗೆ ಚಕ್ರ ಪೂರ್ತಿ ಇಳಿದಾಗ ಗಿಡ್ಡ ಸ್ಪ್ರಿಂಗು ತನ್ನ ಕೂರುವ ಜಾಗದಲ್ಲೇ ಸಡಿಲವಾಗಿ ಲೊಡಲೊಡ ಅನ್ನುತ್ತೆ. ಗ್ಯಾಸ್ ಹಿಡಿದು ಕಾಯಿಸಿ ಕೂರಿಸೋದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತೆ. ಅತ್ತ ಎತ್ತರ ಮಾಡಲು ಸುತ್ತುಗಳ ಮಧ್ಯೆ ರಬ್ಬರ್ ತುರುಕಿಸೋರೂ ಅದೇ ತಪ್ಪು ಮಾಡ್ತಾರೆ. ರಬ್ಬರ್ ಹಿಡಿದುಕೊಂಡ ಸುತ್ತು ಕೆಲಸ ಬಿಡುತ್ತೆ, ಉಳಿದವು ಗಡುಸಾಗುತ್ತವೆ. ಬಗ್ಗಿ ಓಡೋದು ಬೇಲಿ ಹಾಕಿದ ಮೈದಾನದಲ್ಲಿ. ರಸ್ತೆಯ ಕಾರಿಗಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಇದೆ, ಮನಸ್ಸಿಗೆ ಬಂದ ಹಾಗೆ ಗಾಡಿ ಬದಲಾಯಿಸಲು ಅದು ಬಿಡಲ್ಲ. ಕಾನೂನಿಗಿಂತ ಮೊದಲು ಎದುರಿಗೆ ಬರುವ ಸ್ಕೂಟರಿನವನಿದ್ದಾನೆ.

ಶಾಕಿನ ಬಗ್ಗೆ ರಿಪೋರ್ಟಿನಲ್ಲಿ ಇರೋದು ಎರಡು ಸಾಲು: "ಶಾಕ್ ಅಬ್ಸಾರ್ಬರ್ ರಸ್ತೆಯ ಆಘಾತವನ್ನು ಹೀರಿಕೊಳ್ಳುತ್ತದೆ. ಇದು ಗ್ಯಾಸ್ ತುಂಬಿದ ಮಾದರಿಯದು." ಮೊದಲ ಸಾಲು ಹೆಸರಿನಿಂದ ಬಂದ ಮೋಸ. ಆಘಾತ ಹೀರೋದು ಸ್ಪ್ರಿಂಗು. ಶಾಕು ಹೀರೋದು ಸ್ಪ್ರಿಂಗಿನ ಕುಣಿತವನ್ನು. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ, ಕುಣಿತದ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತೆ. ನಾಲ್ಕು ಗಂಟೆ ಓಡಿದ ಕಾರಿನ ಶಾಕು ಮುಟ್ಟಿ ನೋಡಿ, ಗೊತ್ತಾಗುತ್ತೆ. ಬ್ರಿಟಿಷರು ಇದನ್ನು ಡ್ಯಾಂಪರ್ ಅಂತಾರೆ, ಅದು ಸರಿಯಾದ ಹೆಸರು. ಸ್ಪ್ರಿಂಗು ಎಷ್ಟು ಗಡುಸು, ಅದು ಹೊತ್ತ ತೂಕ ಎಷ್ಟು ಅನ್ನೋದರ ಮೇಲೆ ಶಾಕಿನ ಬಿಗಿ ನಿರ್ಧಾರ ಆಗಬೇಕು. ಕಡಿಮೆಯಾದರೆ ಕಾರು ಕುಣಿಯುತ್ತಲೇ ಇರುತ್ತೆ. ಜಾಸ್ತಿಯಾದರೆ ಒಂದು ಹಂಪಿಗೆ ಒಳಗೆ ಹೋದ ಚಕ್ರ ಇನ್ನೊಂದು ಹಂಪು ಬರೋದರೊಳಗೆ ಹೊರಗೆ ಬರಲ್ಲ, ಹಂಪು ಹಂಪಿಗೂ ಕಾರು ಕುಗ್ಗುತ್ತಾ ಕೂರುತ್ತೆ. ಆದ್ದರಿಂದ ಸ್ಪ್ರಿಂಗು ಒಂದನ್ನೇ ಬದಲಿಸಿ ಶಾಕು ಹಾಗೇ ಬಿಟ್ಟರೆ ಅರ್ಧ ಕೆಲಸ.

ಹಾಗಾದರೆ ಈ ಕಾರಿಗೆ ಏನು ಮಾಡೋದು? ಸ್ಪರ್ಧೆಗೆ ಇನ್ನು ಮೂರು ವಾರ. ಮೊದಲ ದಾರಿ, ಮುಂದಕ್ಕೆ ಅರ್ಧ ಗಡುಸಿನ, ಅಂದರೆ ಮಿ.ಮೀ.ಗೆ 10 ನ್ಯೂಟನ್ನಿನ ಹೊಸ ಸ್ಪ್ರಿಂಗು ಮಾಡಿಸೋದು. 7 ಮಿ.ಮೀ. ದಪ್ಪದ ಸ್ಪ್ರಿಂಗ್ ತಂತಿ, 60 ಮಿ.ಮೀ. ಸರಾಸರಿ ವ್ಯಾಸ, ಕೆಲಸ ಮಾಡುವ ಸುತ್ತು 11 ಇದ್ದರೆ ಸರಿಸುಮಾರು ಅಷ್ಟೇ ಬರುತ್ತೆ. ಪೀಣ್ಯದಂಥ ಕಡೆ ಇದು ಮಾಡಿಕೊಡೋರು ಸಿಗ್ತಾರೆ. ಎಚ್ಚರಿಕೆ ಒಂದೇ: ತಂತಿಯ ದಪ್ಪ ನಾಲ್ಕು ಸಲ ಗುಣಿಸಿಕೊಂಡು ಬರುತ್ತೆ. 7ರ ತಂತಿ ಇಲ್ಲ, 8 ಇದೆ, ನಡೆಯತ್ತಾ ಅಂತ ಕೇಳಿದರೆ ಹೂಂ ಅನ್ನಬಾರದು. ಒಂದೇ ಒಂದು ಮಿಲಿಮೀಟರಿಗೆ ಗಡುಸು ನೂರಕ್ಕೆ 70ರಷ್ಟು ಏರುತ್ತೆ. ಆದರೆ ಈ ದಾರಿಯಲ್ಲಿ ಶಾಕಿನ ಬಿಗಿ ಹಾಗೇ ಉಳಿಯುತ್ತೆ, ಬೈಕಿನ ಸೀಲ್ ಮಾಡಿದ ಶಾಕು ಬಿಚ್ಚಿ ಎಣ್ಣೆ ಬದಲಿಸೋಕಾಗಲ್ಲ.

ಎರಡನೇ ದಾರಿ ಹೇಳಿದ್ದು ನಾನಲ್ಲ. ಮೂಲೆಯಲ್ಲಿ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದ ಎರಡನೇ ವರ್ಷದ ಹುಡುಗ. "ಸಾರ್, ವರ್ಗ ಆಗತ್ತೆ ಅಂದ್ರಲ್ಲಾ, ಹಾಗಾದ್ರೆ ಶಾಕ್ ಬದಲು ಬ್ರಾಕೆಟ್ಟೇ ಒಳಗೆ ಸರಿಸಿದ್ರೆ?"

ಕಾಗದ ತೆಗೆದು ಲೆಕ್ಕ ಹಾಕಿದೆವು. ಶಾಕಿನ ಕೆಳಗಿನ ಬ್ರಾಕೆಟ್ಟನ್ನು ತೋಳಿನ ಮೇಲೆ ಒಳಕ್ಕೆ ಸರಿಸಿ 0.6 ಇದ್ದದ್ದನ್ನು 0.42 ಮಾಡಿದರೆ, ಅದೇ 20ರ ಸ್ಪ್ರಿಂಗು ಚಕ್ರದ ಹತ್ತಿರ ಮೂರೂವರೆಯಷ್ಟಾಗುತ್ತೆ. 40 ಕೆ.ಜಿ.ಗೆ ಅದು ಒಂದೂವರೆ ಹರ್ಟ್ಸ್. ಶಾಕಿನ ಬಿಗಿಯೂ ಅದೇ ವರ್ಗದಲ್ಲಿ ಇಳಿಯುತ್ತೆ, ಸ್ಪ್ರಿಂಗು ಬದಲಿಸುವ ದಾರಿಯಲ್ಲಿ ಸಿಗದೇ ಇದ್ದದ್ದು ಇಲ್ಲಿ ಪುಕ್ಕಟೆ. ಶಾಕಿನ ಓಡಾಟ 100 ಮಿ.ಮೀ. ಇದ್ದರೆ ಚಕ್ರದ ಓಡಾಟ 167ರಿಂದ 238ಕ್ಕೆ ಏರುತ್ತೆ. ಭಾರಕ್ಕೆ ಕುಸಿದು ಕೂತ ಮೇಲೂ ದಿಣ್ಣೆಗೆ ಏಳಲು 150 ಮಿ.ಮೀ. ಉಳಿಯುತ್ತೆ.

ಪುಕ್ಕಟೆ ಅಂದೆ, ಪೂರ್ತಿ ಪುಕ್ಕಟೆ ಅಲ್ಲ. ಬ್ರಾಕೆಟ್ ಒಳಗೆ ಸರಿದಷ್ಟೂ ಅದರ ಮೇಲಿನ ಬಲ ಜಾಸ್ತಿ. ನಿಂತ ಕಾರಿನಲ್ಲೇ 654 ನ್ಯೂಟನ್ ಇದ್ದದ್ದು 934 ಆಗುತ್ತೆ, ಹಾರಿ ಬಿದ್ದಾಗ ಅದರ ಎಷ್ಟೋ ಪಟ್ಟು. ತೋಳಿನ ಪೈಪು ಬಾಗಬಹುದು, ಅದಕ್ಕೆ ಬಲ ಕೊಡಬೇಕು. ಬಣ್ಣದ ಚಿತ್ರ ಬೇಕಿದ್ದದ್ದು ಇಲ್ಲಿ, ಸ್ಪ್ರಿಂಗಿಗಲ್ಲ, ತೋಳಿಗೆ. ಶಾಕಿನ ಓರೆ ಬದಲಾದರೆ 0.42 ಕೂಡ ಬದಲಾಗುತ್ತೆ, ಅಳೆದೇ ನೋಡಬೇಕು. ಬಾಲ್ ಜಾಯಿಂಟು 238 ಮಿ.ಮೀ. ಓಡಾಟಕ್ಕೆ ಬಾಗುತ್ತಾ? ಬಾಗದಿದ್ದರೆ ಚಕ್ರ ಇಳಿಯೋದನ್ನು ಮೊದಲೇ ತಡೆಯಲು ಪಟ್ಟಿ ಕಟ್ಟಬೇಕು. ಮೇಲಿನ ತುದಿಯಲ್ಲಿ ಲೋಹಕ್ಕೆ ಲೋಹ ಬಡಿಯದ ಹಾಗೆ ರಬ್ಬರ್ ಸ್ಟಾಪ್ ಬೇಕು. ಮೊದಲೇ ಒತ್ತಿ ಕೂರಿಸುವ ಪ್ರಿಲೋಡ್ ನಟ್ಟು ತಿರುಗಿಸಿದರೆ ಸ್ಪ್ರಿಂಗು ಗಡುಸಾಗುತ್ತೆ ಅಂತ ಇಬ್ಬರು ಹುಡುಗರು ವಾದ ಮಾಡಿದರು. ಆಗಲ್ಲ, ಕಾರಿನ ಎತ್ತರ ಬದಲಾಗುತ್ತೆ, ಗಡುಸು ಅಲ್ಲ. ಮತ್ತೆ ಜಾಕು, ಟೇಪು ತಂದು ಅಳೆದು ನೋಡಿದ ಮೇಲೆ ಒಪ್ಪಿದರು.

ಆ ದಿನ ಹೊರಡುವಾಗ ಕ್ಯಾಪ್ಟನ್ ನನ್ನ ಜೊತೆ ಗೇಟಿನ ತನಕ ಬಂದ. "ಸಾರ್, ಆ ಎಂಬತ್ತು ನಮ್ದಲ್ಲ. ಹೋದ ವರ್ಷದ ರಿಪೋರ್ಟಲ್ಲೂ ಹಾಗೇ ಇತ್ತು. ಅದನ್ನ ನೋಡ್ಕೊಂಡೇ ಮಾಡಿದ್ವಿ."

ಹೋದ ವರ್ಷದ ರಿಪೋರ್ಟು. ಅದನ್ನು ನಾನು ನೋಡಿದ್ದೆ. ನೋಡಿದ್ದೆ ಅಂದರೆ ಪುಟ ತಿರುವಿದ್ದೆ. ಮೊದಲ ಪುಟದಲ್ಲಿ ಚೆನ್ನಾಗಿದೆ ಅಂತ ಬರೆದು ಸಹಿ ಹಾಕಿ ಕಾಫಿ ಕುಡಿದು ಬಂದಿದ್ದೆ. ಆ ವರ್ಷದ ಕಾರು ಯಾರು ಓಡಿಸಿದರು, ತಿರುವಿನಲ್ಲಿ ಅವರಿಗೇನಾಯಿತು ಅಂತ ನಾನು ಕೇಳಿರಲಿಲ್ಲ. ಈ ಬರಹದ ಶುರುವಿನಲ್ಲಿ ರಿಪೋರ್ಟಿಗೆ ಓದುಗರಿಲ್ಲ ಅಂದೆನಲ್ಲ, ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಹುಡುಗರು ಓದುವವರಿಗೆ ತಕ್ಕ ಹಾಗೆ ಬರೀತಾರೆ. ಗೈಡ್ ನೋಡೋದು ಪುಟದ ಸಂಖ್ಯೆ, ಹೊರಗಿನವನು ನೋಡೋದು ಬಣ್ಣದ ಚಿತ್ರ ಅಂತ ಗೊತ್ತಾದರೆ ಅವರು ಕೊಡೋದೂ ಅದನ್ನೇ. ಇವತ್ತು ಶಾಕು ತಂದ ಮೇಲೆ ಲೆಕ್ಕ ಬರೆದವರು ನಾಳೆ ಕಂಪನಿಯಲ್ಲಿ ಕೂತು ನಾವೆಲ್ಲ ಕೂರುವ ಬಸ್ಸಿಗೆ ಬ್ರೇಕು ಆರಿಸ್ತಾರೆ. ಅಲ್ಲೂ ಲೆಕ್ಕ ಆಮೇಲೆ ಬಂದರೆ?

ಹತ್ತು ದಿನ ಬಿಟ್ಟು ಮತ್ತೆ ಹೋದೆ, ಈ ಸಲ ಕರೆಯದೇ. ಬ್ರಾಕೆಟ್ ಸರಿದಿತ್ತು, ತೋಳಿಗೆ ಅಡ್ಡ ಪಟ್ಟಿ ಬಂದಿತ್ತು. ಹಿಂದಿನ ಮೈದಾನದಲ್ಲಿ ಅವರೇ ತೋಡಿದ ಗುಂಡಿಗಳ ತಿರುವಿನಲ್ಲಿ ಕಾರು ಸುತ್ತುತ್ತಿತ್ತು. ಮುಂದಿನ ಚಕ್ರಗಳು ಬೆಕ್ಕಿನ ಕಾಲಿನ ಹಾಗೆ ಗುಂಡಿಗೆ ಇಳಿದು ಎದ್ದು ಬರುತ್ತಿದ್ದವು, ಮೇಲೆ ಅವಳ ಹೆಲ್ಮೆಟ್ಟು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ತೇಲುತ್ತಿತ್ತು. ನಿಲ್ಲಿಸಿ, ಹೆಲ್ಮೆಟ್ ತೆಗೆದು, ಧೂಳು ಉಗಿದು ಹೇಳಿದಳು, "ಈಗ ತಿರುಗತ್ತೆ ಸಾರ್."

ಪ್ರಾಕ್ಟೀಸ್ ಸಾಕಾಯ್ತಾ ಅಂತ ಕ್ಯಾಪ್ಟನ್ ಕಡೆ ನೋಡಿದೆ. ಅವನು ನಕ್ಕು ರಿಪೋರ್ಟಿನ ಹೊಸ ಪ್ರತಿ ಕೈಗಿಟ್ಟ. ಪೀಠಿಕೆಯ ಮೂರು ಪುಟ ಹಾಗೇ ಇದೆ, ಅದು ಇನ್ನೊಂದು ಜನ್ಮಕ್ಕೆ. ನಾಲ್ಕನೇ ಪುಟದಲ್ಲಿ 80 ಇದ್ದ ಕಡೆ 40, 0.6 ಇದ್ದ ಕಡೆ 0.42. ಕೆಳಗೆ ಟೇಪಿನಲ್ಲಿ ಅಳೆದ ಲೆಕ್ಕ, ಪೆನ್ನಿನಲ್ಲಿ ಬರೆದದ್ದು. ನಿರ್ಣಾಯಕ ಸಾಲಿನಲ್ಲಿ ಮಾತ್ರ ಏನೂ ಬದಲಾಗಿರಲಿಲ್ಲ: "ಮುಂದಿನ ಸಸ್ಪೆನ್ಷನ್ನಿನ ಸಹಜ ಆವರ್ತನ 1.5 ಹರ್ಟ್ಸ್." ಸಾಲು ಅದೇ. ಈಗ ಕಾರು ಅದರ ಹತ್ತಿರಕ್ಕೆ ಬಂದಿತ್ತು.

ಸಹಿ ಕೇಳಿದರು. ಎಲ್ಲಾ ಪುಟ ಓದಿ ಹಾಕ್ತೀನಿ, ಎರಡು ದಿನ ಕೊಡಿ ಅಂದೆ.